ಕೊಳಕ್ಕೆ ಜಾಗ ಸಿಕ್ಕೀತು, ನೀರೆಲ್ಲಿಂದ?

ಏಪ್ರಿಲ್ ತಿಂಗಳು ಸಾಲಿ ಸೂಟಿ ಬಿಟ್ಟಿತೆಂದರೆ ಗದಗ ಸೀಮೆಯ ತಾಯಂದಿರಿಗೆ ಒಂದು ಚಿಂತೆ ಹತ್ತಿಕೊಳ್ಳುತ್ತದೆ. ಮಧ್ಯಾಹ್ನ ಉಂಡ ಹುಡುಗ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ನಾಲ್ಕು ಗೆಳೆಯರ ಜೋಡಿ, ಸದ್ದಿಲ್ಲದೆ ಹೊರಬಿದ್ದನೆಂದರೆ ಅವನು ಕ್ರಿಕೆಟ್ಟಿಗೆ ಹೊಂಟಿಲ್ಲ, ನೀರಿಗೆ ಹೊಂಟಾನ ಎಂದೇ ತಿಳಿಯಬೇಕು. ಹೊರಗೆ ನಲವತ್ತು ಡಿಗ್ರಿ ಬಿಸಿಲು. ಮನೆಯ ಫ್ಯಾನು ಕರೆಂಟ್ ಇದ್ದಾಗ ಬಿಸಿ ಗಾಳಿ ಬೀಸುತ್ತದೆ, ಇಲ್ಲದಾಗ ಅದೂ ಇಲ್ಲ. ಹುಡುಗನ ತಪ್ಪಾದರೂ ಏನು?

ತಪ್ಪು ನೀರಿನದೂ ಅಲ್ಲ. ಆದರೆ ಬೇಸಿಗೆಯ ಪತ್ರಿಕೆ ತೆರೆದರೆ ಒಳಪುಟದ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ ಇದ್ದೇ ಇರುತ್ತದೆ. ಕೃಷಿ ಹೊಂಡದಲ್ಲಿ, ಕಲ್ಲು ಕ್ವಾರಿಯಲ್ಲಿ, ಕಾಲುವೆಯಲ್ಲಿ, ನದಿ ಮಡುವಿನಲ್ಲಿ ಬಾಲಕರು ಮುಳುಗಿದ ಸುದ್ದಿ. ಹತ್ತು ಸಾಲು, ಫೋಟೋ ಇಲ್ಲ. ಓದಿದವರು ಬಸ್ಸು ಬಂತೆಂದು ಪೇಪರ್ ಮಡಚಿ ಎದ್ದು ಹೋಗುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪುಸ್ತಕ ನೋಡಿದರೆ ಭಾರತದಲ್ಲಿ ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು ಜನ ನೀರಲ್ಲಿ ಮುಳುಗಿ ಸಾಯುತ್ತಾರೆ. ಲಕ್ಷ್ಮೇಶ್ವರದಂಥ ಒಂದು ಊರು ವರ್ಷಕ್ಕೊಮ್ಮೆ ಪೂರಾ ಖಾಲಿಯಾದಂತೆ ಲೆಕ್ಕ.

ಇದಕ್ಕೆ ಎದುರಾಗಿ ಊರ ಹಿರಿಯರ ಬಾಯಲ್ಲಿ ಏಳುವ ಮಾತು ಒಂದೇ. ಊರಿಗೊಂದು ಈಜುಕೊಳ ಆಗಬೇಕು! ಮಾತು ಬೇಸಿಗೆಗೆ ಏಳುತ್ತದೆ, ಮೊದಲ ಮಳೆಗೆ ಮಲಗುತ್ತದೆ. ಎದ್ದಾಗಲೂ ಪುರಪಿತೃಗಳು ಮೊದಲು ಕೇಳುವುದು ಜಾಗ ಎಲ್ಲಿದೆ ಎಂದು. ನಕಾಶೆ ಹಾಸುತ್ತಾರೆ, ಖುಲ್ಲಾ ಜಾಗಕ್ಕೆ ಬೆರಳು ಇಡುತ್ತಾರೆ, ಅದು ಯಾರ ವಾರ್ಡು ಎಂದು ನೋಡುತ್ತಾರೆ. ಅಲ್ಲಿಂದ ಮುಂದೆ ಏನಾಗುತ್ತದೆಂದು ಓದುಗರಿಗೆ ಹೇಳಬೇಕಾಗಿಲ್ಲ. ಈ ಸೀಮೆಯಲ್ಲಿ ಪ್ರಶ್ನೆಯನ್ನು ತಿರುವಿ ಹಾಕಬೇಕು. ಮೊದಲು ನೀರು ಎಲ್ಲಿದೆ, ಹುಡುಗರು ಎಲ್ಲಿದ್ದಾರೆ ಎಂದು ನೋಡಿ, ಆಮೇಲೆ ಜಾಗದ ಮಾತು.

ಬಾವಿ ಹೋಯಿತು, ಹೊಂಡ ಬಂತು

ಹಿಂದೆ ಈ ಭಾಗದಲ್ಲಿ ಈಸು ಕಲಿಸಲು ಯಾರೂ ಠರಾವು ಪಾಸು ಮಾಡಲಿಲ್ಲ. ತೋಟದ ಬಾವಿ ಇತ್ತು, ಕಾಕಾನೋ ಮಾವನೋ ಇದ್ದ. ಹುಡುಗನ ಬೆನ್ನಿಗೆ ಒಣಗಿದ ಸೋರೆಬುರುಡೆ ಅಥವಾ ಬೆಂಡು ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಮೆಟ್ಟಿಲ ಮೇಲಿಂದ ಒಳಗೆ ನೂಕುವುದು. ನಾಲ್ಕು ಗುಟುಕು ನೀರು ಕುಡಿದ ಮೇಲೆ ಕೈಕಾಲು ತಾನೇ ಆಡುತ್ತಿತ್ತು. ಎರಡು ವಾರ ಕಳೆದರೆ ಬುರುಡೆ ಬಿಚ್ಚುವುದು. ಮುಂದಿನ ಬೇಸಿಗೆಗೆ ಅದೇ ಹುಡುಗ ಕಟ್ಟೆಯ ಮೇಲಿಂದ ಜಿಗಿದು ತಳದ ಹಿಡಿ ಮಣ್ಣು ತಂದು ತೋರಿಸುತ್ತಿದ್ದ. ರಬ್ಬರ್ ಟ್ಯೂಬು ಬಂದಿದ್ದು ಆಮೇಲೆ.

ಬಾವಿಗೆ ಈ ನಾಡಿನಲ್ಲಿ ಎಂದೂ ಬರ ಇರಲಿಲ್ಲ. ಗದಗಿನಿಂದ ಕೊಪ್ಪಳದ ದಾರಿ ಹಿಡಿದರೆ ಸಿಗುವ ಲಕ್ಕುಂಡಿಯಲ್ಲಿ 101 ಗುಡಿ, 101 ಬಾವಿ ಎಂದು ಜನ ಲೆಕ್ಕ ಹೇಳುತ್ತಾರೆ. ಮುಸುಕಿನ ಬಾವಿ, ಕನ್ನೇರ ಬಾವಿ, ಛಬ್ಬೀರ ಬಾವಿ ಇಂದಿಗೂ ನೋಡುವಂತಿವೆ. ಗದಗಿನ ವೀರನಾರಾಯಣ ಗುಡಿಯ ಕೋನೇರಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಕಂಬಕ್ಕೆ ಒರಗಿ ಕುಮಾರವ್ಯಾಸ ಭಾರತ ಬರೆದನೆಂಬ ಕಥೆ ಮನೆಮನೆಗೆ ಗೊತ್ತು. ನೀರಿಗಿಳಿಯುವುದು ಇಲ್ಲಿಯವರಿಗೆ ಪರಕೀಯವಲ್ಲ.

ಆದರೆ ಈಗ ಆ ಬಾವಿಗಳ ಗತಿ ನೋಡಬೇಕು. ಲಕ್ಕುಂಡಿಯ ಹೆಸರಾಂತ ಬಾವಿಗಳೆಲ್ಲ ನೋಡುವ ಸ್ಮಾರಕಗಳು, ಈಸುವ ಬಾವಿಗಳಲ್ಲ. ಅದು ಸರಿಯೂ ಹೌದು. ಉಳಿದವುಗಳಲ್ಲಿ ಎಷ್ಟೋ ಬಾವಿ ಕಸದ ಬುಟ್ಟಿಯಾಗಿ, ಮೇಲೆ ಅಂಗಡಿ ಸಾಲು ಎದ್ದು, ಇಲ್ಲಿ ಬಾವಿ ಇತ್ತೆಂದು ಹೇಳುವವರೂ ಇಲ್ಲದಂತಾಗಿದೆ. ಕೊಳವೆ ಬಾವಿಗಳು ನೂರಾರು ಅಡಿ ಕೆಳಗಿಂದ ಹೀರತೊಡಗಿದ ಮೇಲೆ ತೆರೆದ ಬಾವಿ ಬೇಸಿಗೆಗೆ ಒಣಗಿ ನಿಲ್ಲುತ್ತದೆ. ವರ್ಷಕ್ಕೆ ಸುಮಾರು 600 ಮಿಲಿ ಮೀಟರ್ ಮಳೆ ಬೀಳುವ ಸೀಮೆ ಇದು. ಕೊಟ್ಟಷ್ಟೇ ತೆಗೆದರೆ ಬಾವಿ ಉಳಿದೀತು, ಕೊಟ್ಟದ್ದಕ್ಕಿಂತ ಹೆಚ್ಚು ತೆಗೆದರೆ ಹೇಗೆ?

ಬಾವಿ ಹೋದ ಜಾಗಕ್ಕೆ ಹೊಂಡ ಬಂತು. 2014ರಲ್ಲಿ ಸರ್ಕಾರ ಕೃಷಿ ಭಾಗ್ಯ ಯೋಜನೆ ತಂದಿತು. ಒಣಬೇಸಾಯದ ಹೊಲದಲ್ಲಿ ಮಳೆ ನೀರು ಹಿಡಿಯಲು ಹೊಂಡ, ಕೆಲವಕ್ಕೆ ತಳಕ್ಕೆ ಪ್ಲಾಸ್ಟಿಕ್ ಹಾಳೆ. ರೈತನಿಗೆ ಒಂದು ಹಂಗಾಮಿನ ಬೆಳೆ ಉಳಿಸುವ ಯೋಜನೆ ಅದು, ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಈಸು ಬಾರದ ಹುಡುಗನಿಗೆ ಅದರಷ್ಟು ಮೋಸದ ನೀರು ಬೇರೆ ಇಲ್ಲ. ಬಾವಿಗೆ ಮೆಟ್ಟಿಲಿತ್ತು, ಕಲ್ಲಿನ ಸಂದಿ ಇತ್ತು, ಹಿಡಿಯಲು ಬೇರು ಇತ್ತು. ಹೊಂಡದ ಇಳಿಜಾರು ಪ್ಲಾಸ್ಟಿಕ್ ಮೇಲೆ ಪಾಚಿ ಕಟ್ಟಿದರೆ ಎಣ್ಣೆ ಹಚ್ಚಿದ ಹಾಗೆ. ಇಳಿದವನು ಏರುವಂತಿಲ್ಲ. ಹಾಳೆ ಇಲ್ಲದ ಎರಿ ಮಣ್ಣಿನ ಹೊಂಡವಾದರೆ ಕಾಲನ್ನು ಮೊಣಕಾಲ ತನಕ ಹಿಡಿದಿಡುತ್ತದೆ. ಯೋಜನೆಯಲ್ಲಿ ತಂತಿ ಬೇಲಿಗೂ ಅವಕಾಶ ಇದೆ. ಬೇಲಿ ಹಾಕಿದ ಹೊಂಡ ಎಷ್ಟು, ಹಾಕದೆ ಬಿಟ್ಟದ್ದು ಎಷ್ಟು ಎಂಬುದನ್ನು ಬಸ್ಸಿನ ಕಿಟಕಿಯಿಂದ ನೋಡಿದರೂ ತಿಳಿಯುತ್ತದೆ.

ಇನ್ನೊಂದು ಸಂಗತಿ. ಇಂಥ ಸುದ್ದಿಗಳಲ್ಲಿ ಸತ್ತವರು ಒಬ್ಬರೇ ಆಗಿರುವುದು ಕಡಿಮೆ. ಒಬ್ಬ ಜಾರುತ್ತಾನೆ, ಎರಡನೆಯವ ಅವನ ಕೈ ಹಿಡಿಯಲು ಹೋಗುತ್ತಾನೆ, ಮೂರನೆಯವ ಅಣ್ಣ. ಮುಳುಗುವವನು ಸಿಕ್ಕಿದ್ದನ್ನು ಅಪ್ಪಿ ಹಿಡಿಯುತ್ತಾನೆ, ಅಪ್ಪಿಕೊಂಡವನೂ ಕೆಳಗೆ. ಹಗ್ಗ ಎಸೆ, ಸೀರೆ ಎಸೆ, ಕೋಲು ಚಾಚು, ಮುಚ್ಚಿದ ಖಾಲಿ ಕ್ಯಾನು ಎಸೆ, ಆದರೆ ನೀನು ಜಿಗಿಯಬೇಡ. ಇಷ್ಟು ಹೇಳಿಕೊಡಲು ನೀರೂ ಬೇಡ, ಕೊಳವೂ ಬೇಡ. ಸಾಲಿಯ ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಸಾಲಿ ಮಕ್ಕಳಿಗೆ ಕಲಿಸಿರೆಂದು ಹೇಳುವುದೂ ಇವನ್ನೇ: ಈಸು, ನೀರಿನ ಎಚ್ಚರ, ಅಪಾಯವಿಲ್ಲದೆ ಇನ್ನೊಬ್ಬರನ್ನು ಉಳಿಸುವ ಬಗೆ. 2021ರಿಂದ ಜುಲೈ 25ನ್ನು ಮುಳುಗುಸಾವು ತಡೆ ದಿನವೆಂದು ವಿಶ್ವಸಂಸ್ಥೆ ಗೊತ್ತು ಮಾಡಿದೆ. ಗದಗ ಸೀಮೆಯ ಎಷ್ಟು ಸಾಲಿಯಲ್ಲಿ ಆ ದಿನ ಆಚರಿಸಿದರೋ, ಮಾಸ್ತರರೇ ಹೇಳಬೇಕು.

ಜಾಗದ ಜಗಳ

ಇನ್ನು ಜಾಗಕ್ಕೆ ಬರೋಣ. ಗದಗ-ಬೆಟಗೇರಿ ಅವಳಿ ಊರು, ಒಂದೇ ನಗರಸಭೆ. 2011ರ ಜನಗಣತಿಯಲ್ಲಿ 1 ಲಕ್ಷ 72 ಸಾವಿರ ತಲೆ. ನಕಾಶೆ ಹಾಸಿದರೆ ಬೆರಳು ಮೊದಲು ಹೋಗುವುದು ಭೀಷ್ಮ ಕೆರೆಗೆ. ನೀರು ಇದೆ, ಬಸವೇಶ್ವರ ಪ್ರತಿಮೆ ಇದೆ, ಸಂಜೆಗೆ ಜನ ಇದ್ದಾರೆ. ಆದರೆ ಕೆರೆ ಬೇರೆ, ಕೊಳ ಬೇರೆ. ನಿಂತ ಬೆಚ್ಚಗಿನ ನೀರಲ್ಲಿ ಏನೇನು ಹುಟ್ಟುತ್ತದೆಂಬುದಕ್ಕೆ ಪಕ್ಕದ ಕೇರಳವನ್ನು ನೋಡಿದರೆ ಸಾಕು. 2024 ಮತ್ತು 2025ರಲ್ಲಿ ಅಲ್ಲಿ ಮೂಗಿನ ಮೂಲಕ ಮಿದುಳಿಗೇರುವ ಅಮೀಬಾ ರೋಗ ಸುದ್ದಿಯಾಗಿ, ಕೆರೆ ಕೊಳಗಳ ನೀರಿನ ಬಗ್ಗೆ ಸರ್ಕಾರವೇ ಎಚ್ಚರಿಕೆ ಕೊಡಬೇಕಾಯಿತು. ಕೆರೆಯ ದಂಡೆಯಲ್ಲಿ ಸಿಮೆಂಟಿನ ಕೊಳ ಕಟ್ಟಬಹುದು ಎನ್ನುವುದಾದರೆ ಅದು ಬೇರೆ ಮಾತು. ಆಗ ಕೆರೆಯ ಜಾಗ ತಿಂದು ಕೊಳ ಮಾಡಿದಂತಾಗುತ್ತದೆ.

ಎರಡನೆಯ ಜಾಗ ವಕಾರ ಸಾಲು. ಹತ್ತಿ ವ್ಯಾಪಾರದ ಭರಾಟೆಯ ಕಾಲದ ಈ ಸಾಲುಗಳನ್ನು ನಗರಸಭೆ 2019ರಲ್ಲಿ ತೆರವು ಮಾಡಿಸಿ ವಶಕ್ಕೆ ಪಡೆದದ್ದು ಗದಗಿನ ಯಾವ ಅಂಗಡಿಕಾರನೂ ಮರೆಯುವ ಸಂಗತಿಯಲ್ಲ. ಊರ ನಟ್ಟನಡುವೆ ಎಕರೆಗಟ್ಟಲೆ ಜಾಗ. ಇಲ್ಲಿ ಕೊಳ ಎಂದರೆ ತೂಕ ಹಾಕುವವರು ಒಂದು ಕಡೆ ಬಾಡಿಗೆಯ ಲೆಕ್ಕ ಇಡುತ್ತಾರೆ. ಇಂಥ ಜಾಗದಲ್ಲಿ ಮಳಿಗೆ ಕಟ್ಟಿದರೆ ತಿಂಗಳಿಗೆ ಎಷ್ಟು, ನೀರು ತುಂಬಿಸಿದರೆ ಎಷ್ಟು? ಲೆಕ್ಕ ತಪ್ಪಲ್ಲ. ಆದರೆ ಅರ್ಧವೇ. ಈಸಾಡಿ ಮೇಲೆ ಬಂದ ಹುಡುಗನ ಹಸಿವನ್ನು ಕಂಡವರು ಬಲ್ಲರು. ಆ ಹೊತ್ತಿಗೆ ಎರಡು ಮಿರ್ಚಿ, ಒಂದು ಪ್ಲೇಟ್ ಗಿರ್ಮಿಟ್, ಒಂದು ಚಹಾ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಾಯ. ದಿನಕ್ಕೆ ನೂರು ಹುಡುಗರೆಂದರೆ ಸುತ್ತಲಿನ ಗಾಡಿಯವರಿಗೆ ಅದೇ ಒಂದು ಸಂತೆ. ಪಾರ್ಕಿಂಗ್ ತಲೆನೋವು ಇದ್ದೇ ಇದೆ ಬಿಡಿ, ಅದು ಕೊಳ ಇಲ್ಲದಾಗಲೂ ಇದೆ.

ಮೂರನೆಯದು ಜಿಲ್ಲಾ ಕ್ರೀಡಾಂಗಣದ ಮಗ್ಗುಲು. ಆಟದ ಜೊತೆ ಆಟ ಸೇರಲಿ ಎನ್ನುವ ವಾದ. ಸ್ಪರ್ಧೆಗೆ ಹೋಗುವ ಹುಡುಗರಿಗೆ ಒಪ್ಪುವ ಜಾಗ. 2024ರ ಪ್ಯಾರಿಸ್ ಒಲಿಂಪಿಕ್ಸಿಗೆ ಬೆಂಗಳೂರಿನ ಧಿನಿಧಿ ದೇಸಿಂಘು 14ನೇ ವಯಸ್ಸಿಗೇ ಹೋಗಿ ಬಂದಳು. ಅಂಥವಳು ಗದಗದಲ್ಲೂ ಹುಟ್ಟಬಾರದೇಕೆ? ಹುಟ್ಟಲಿ. ಆದರೆ ಕೃಷಿ ಹೊಂಡಕ್ಕೆ ಜಾರುವ ಹುಡುಗನಿಗೆ ಬೇಕಾದದ್ದು ಪದಕವಲ್ಲ. ದಡ ಮುಟ್ಟಲು ಹತ್ತು ಮೀಟರ್ ಕೈಕಾಲು ಬಡಿಯುವಷ್ಟು ವಿದ್ಯೆ. ಅವನು ಬೈಸಿಕಲ್ಲಿನಲ್ಲಿ ಬರುವವನು, ಮನೆಗೆ ಹತ್ತಿರವಿದ್ದರಷ್ಟೇ ಬಂದಾನು.

ನಾಲ್ಕನೆಯದು ಬೆಟಗೇರಿ. ನೇಕಾರರ ಊರು. ಬಂದದ್ದೆಲ್ಲ ಗದಗಕ್ಕೆ, ಹೆಸರಿಗೆ ಮಾತ್ರ ಬೆಟಗೇರಿ ಎಂಬ ಅಲ್ಲಿಯವರ ಗೊಣಗು ಇಂದಿನದಲ್ಲ. ಮಗ್ಗದ ಮನೆಯ ಮಕ್ಕಳಿಗೆ ಸೂಟಿಯಲ್ಲಿ ಹೋಗಲು ಬೇರೆ ಜಾಗವೂ ಕಡಿಮೆ. ಅವಳಿ ಊರೆಂದ ಮೇಲೆ ಕೊಳವೂ ಅವಳಿ ಆಗಬಾರದೇ ಎಂದು ಯಾರಾದರೂ ಕೇಳಿದರೆ ನಗುವ ಮಾತೇನಲ್ಲ. ಯಾಕೆ ಎಂಬುದು ಮುಂದಿನ ಲೆಕ್ಕದಲ್ಲಿದೆ.

ಟ್ಯಾಂಕರ್ ಲೆಕ್ಕ

ದೊಡ್ಡ ಕೊಳ, ಎಂದರೆ ಒಲಿಂಪಿಕ್ ಅಳತೆಯದು, ಉದ್ದ 50 ಮೀಟರ್, ಅಗಲ 25, ಆಳ 2 ಮೀಟರ್. ಗುಣಿಸಿದರೆ 25 ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ 500 ಟ್ರಿಪ್. ಊರಿನ ಮನುಷ್ಯನೊಬ್ಬನಿಗೆ ದಿನಕ್ಕೆ 135 ಲೀಟರ್ ಕೊಡಬೇಕೆಂದು ಸರ್ಕಾರದ ಮಾನದಂಡ ಇದೆಯಲ್ಲ, ಆ ಲೆಕ್ಕದಲ್ಲಿ 18 ಸಾವಿರ 500 ಜನರ ಒಂದು ದಿನದ ನೀರು. ಗದಗ-ಬೆಟಗೇರಿಯ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು.

ಈ ಅವಳಿ ಊರಿಗೆ ನೀರು ಬರುವುದು ತುಂಗಭದ್ರೆಯಿಂದ, ಮುಂಡರಗಿ ತಾಲೂಕಿನ ಹಮ್ಮಿಗಿಯಿಂದ. ನಳ ಬಿಟ್ಟ ದಿನ ಮದುವೆ ಮನೆಯಂತೆ ಕೊಡ, ಬ್ಯಾರಲ್, ಬಕೆಟ್ ಓಡಾಡಿದ ಬೇಸಿಗೆಗಳನ್ನು ಇಲ್ಲಿಯ ಗೃಹಿಣಿಯರು ಎಷ್ಟು ಕಂಡಿಲ್ಲ? ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ, ಕೆಲವು ಓಣಿಗೆ ಅದಕ್ಕೂ ಮಿಕ್ಕಿ. ಅಂಥ ಊರಲ್ಲಿ 25 ಲಕ್ಷ ಲೀಟರ್ ಸಿಹಿನೀರು ಗುಂಡಿಗೆ ಸುರಿಯುತ್ತೇವೆಂದು ಠರಾವು ಮಾಡಿದರೆ ಮರುದಿನ ನಗರಸಭೆಯ ಬಾಗಿಲಿಗೆ ಖಾಲಿ ಕೊಡದ ಮೆರವಣಿಗೆ ಬಾರದಿದ್ದರೆ ಕೇಳಿ. ಮೆರವಣಿಗೆ ಬಂದರೆ ತಪ್ಪೂ ಅಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಮಾಡಲೇಬೇಕಾದ ಕೆಲಸ, ಮಾಡಬಹುದಾದ ಕೆಲಸ ಎಂದು ಎರಡು ಪಟ್ಟಿ ಇಟ್ಟಿದೆ. ಕುಡಿಯುವ ನೀರು ಮೊದಲ ಪಟ್ಟಿಯದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಉದ್ಯಾನ, ಆಟದ ಮೈದಾನಗಳನ್ನೂ ಊರಸಭೆಯ ಬಾಬತ್ತಿನಲ್ಲಿ ಸೇರಿಸಿದೆ ನಿಜ. ಆದರೆ ಹೊಟ್ಟೆಗೆ ಇಲ್ಲದೆ ಜುಟ್ಟಿಗೆ ಮಲ್ಲಿಗೆ ಹೂವೆಂದರೆ ಜನ ಒಪ್ಪರು.

ಮಂಗಳೂರನ್ನು ನೋಡಿ ಎಂದು ಒಬ್ಬರು ಹೇಳಿಯಾರು. ಅಲ್ಲಿ ಲೇಡಿಹಿಲ್ಲಿನ ಮಂಗಳಾ ಈಜುಕೊಳ ಹಳೆಯದು. ಅದು ಸಾಲದೆ ಎಮ್ಮೆಕೆರೆಯಲ್ಲಿ ಸ್ಮಾರ್ಟ್ ಸಿಟಿ ಹಣದಲ್ಲಿ ಅಂತರರಾಷ್ಟ್ರೀಯ ಮಟ್ಟದ ಕೊಳ 2023ರಲ್ಲಿ ತೆರೆಯಿತು. ಸುಮಾರು 25 ಕೋಟಿ ರೂಪಾಯಿ ಬಾಬತ್ತು. ಅವರಿಗೆ ಒಪ್ಪುತ್ತದೆ. ಗದಗಿಗೆ ಬೀಳುವ ಮಳೆಯ ಐದಾರು ಪಟ್ಟು ಅವರಿಗೆ ಬೀಳುತ್ತದೆ, ಮಗ್ಗುಲಲ್ಲಿ ಎರಡು ನದಿ. ಅವರ ಅಂಗಿ ಇವರಿಗೆ ಹೊಲಿಸಬಾರದು.

ಹಾಗಾದರೆ ಬೇಡವೇ? ಬೇಕು. ಅಳತೆ ಇಳಿಸಬೇಕು.

ಮೊಹೆಂಜೊದಾರೋದ ದೊಡ್ಡ ಸ್ನಾನದ ಕೊಳ ಶಾಲೆಯ ಪುಸ್ತಕದಲ್ಲಿ ಎಲ್ಲರೂ ಕಂಡದ್ದು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನದು. ಹೆಸರಿಗೆ ದೊಡ್ಡದು, ಅಳತೆಗೆ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ. ಇಷ್ಟೇ ಉದ್ದಗಲದ ತೊಟ್ಟಿ ಕಟ್ಟಿ, ಆಳ ಒಂದೇ ಮೀಟರ್ ಇಟ್ಟರೆ ಹತ್ತು ಹನ್ನೆರಡು ವರ್ಷದ ಹುಡುಗನಿಗೆ ಎದೆಮಟ್ಟ. ಈಸು ಕಲಿಯಲು ಅದಕ್ಕಿಂತ ಹೆಚ್ಚು ಆಳ ಬೇಕಿಲ್ಲ, ತೇಲುವುದು ಮೇಲಿನ ನೀರಲ್ಲೇ ಅಲ್ಲವೇ? ಹಿಡಿಯುವ ನೀರು 84 ಸಾವಿರ ಲೀಟರ್. ಹದಿನೇಳು ಟ್ಯಾಂಕರ್. ಗದಗದಲ್ಲೊಂದು, ಬೆಟಗೇರಿಯಲ್ಲೊಂದು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೆ ಒಂದೊಂದು ಎಂದು ಐದು ಕಟ್ಟಿದರೂ 4 ಲಕ್ಷ 20 ಸಾವಿರ ಲೀಟರ್. ಒಂದು ಒಲಿಂಪಿಕ್ ಕೊಳದ ಆರನೆಯ ಒಂದು ಪಾಲು!

ಒಮ್ಮೆ ತುಂಬಿದರೆ ದಿನಾ ತುಂಬುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಮರಳಿನ ಫಿಲ್ಟರ್ ಮೂಲಕ ಅದೇ ನೀರು ಪಂಪಿನಿಂದ ಸುತ್ತುತ್ತಿರುತ್ತದೆ. ಕ್ಲೋರಿನ್ ಹಾಕುತ್ತಾರೆ. ಇಂಥ ತೊಟ್ಟಿಯ ನೀರಿಗೆ ಹತ್ತು ಲಕ್ಷದಲ್ಲಿ ಒಂದು ಪಾಲು ಕ್ಲೋರಿನ್ ಸೇರಿಸಲು ಒಳ್ಳೆಯ ಬ್ಲೀಚಿಂಗ್ ಪೌಡರ್ ಕಾಲು ಕಿಲೋಕ್ಕಿಂತ ತುಸು ಹೆಚ್ಚು ಬೇಕು, ಅಷ್ಟೇ. ಬಿಸಿಲಿಗೆ ಕ್ಲೋರಿನ್ ಹಾರುತ್ತದೆ, ಆದ್ದರಿಂದ ದಿನಾ ಪರೀಕ್ಷೆ ಮಾಡಬೇಕು, ದಿನಾ ಹಾಕಬೇಕು. ನೀರೂ ಹಾರುತ್ತದೆ. ಬೇಸಿಗೆಯ ದಿನಕ್ಕೆ ಏಳು ಮಿಲಿ ಮೀಟರ್ ಹಿಡಿದರೆ ಸಣ್ಣ ತೊಟ್ಟಿಯಿಂದ ಮೂರು ಬ್ಯಾರಲ್ ನೀರು ಆವಿ. ಒಲಿಂಪಿಕ್ ಕೊಳದಿಂದ ಹೆಚ್ಚುಕಡಿಮೆ ಎರಡು ಟ್ಯಾಂಕರ್, ಪ್ರತಿ ದಿನ. ಮೇಲೆ ತಗಡಿನ ನೆರಳು ಹಾಕಿದರೆ ಈ ಖರ್ಚು ಇಳಿಯುತ್ತದೆ, ಹುಡುಗರ ತಲೆಯೂ ಕಾಯುವುದಿಲ್ಲ.

ಮುಖ್ಯ ಮಾತು ಇನ್ನೂ ಇದೆ. ಈ ನೀರು ತುಂಗಭದ್ರೆಯ ಸಿಹಿನೀರೇ ಆಗಬೇಕೆಂದೇನಿಲ್ಲ. ಗದಗ, ಮುಂಡರಗಿ ಕಡೆ ಫ್ಲೋರೈಡ್ ಹೆಚ್ಚಿದೆಯೆಂದೋ ಸವುಳೆಂದೋ ಕುಡಿಯಲು ಬಿಟ್ಟ ಕೊಳವೆ ಬಾವಿಗಳು ಇವೆ. ಫ್ಲೋರೈಡ್ ಹಲ್ಲು, ಎಲುಬು ಕೆಡಿಸುವುದು ವರ್ಷಗಟ್ಟಲೆ ಕುಡಿದರೆ, ಮೈಗೆ ತಾಗಿದರೆ ಅಲ್ಲ. ಗಡಸು ನೀರು ಪೈಪಿಗೆ ಸುಣ್ಣ ಕಟ್ಟುತ್ತದೆ, ಫಿಲ್ಟರ್ ಆಗಾಗ ತೊಳೆಯಬೇಕಾಗುತ್ತದೆ. ಆ ಕಿರಿಕಿರಿ ಇದ್ದದ್ದೇ. ಆದರೆ ಯಾರ ಕೊಡದಿಂದಲೂ ಕಸಿದಂತಾಗುವುದಿಲ್ಲ. ಕುಡಿಯಲು ಬಾರದ, ಬೇಸಿಗೆಯಲ್ಲೂ ಬತ್ತದ ಕೊಳವೆ ಬಾವಿ ಯಾವ ವಾರ್ಡಿನಲ್ಲಿದೆ ಎಂದು ನೀರಿನ ವಿಭಾಗದವರು ಒಂದು ಪಟ್ಟಿ ತಯಾರಿಸಿದರೆ ಜಾಗದ ಜಗಳ ಅರ್ಧ ಮುಗಿದಂತೆ. ನಕಾಶೆಯ ಮೇಲೆ ಬೆರಳು ಇಡುವುದು ಅಲ್ಲಿ.

ತಾಲೂಕಿನವರ ಪಾಡು

ಗದಗದಲ್ಲಿ ಎಷ್ಟು ದೊಡ್ಡ ಕೊಳ ಆದರೂ ಅದು ಮುಂಡರಗಿಯ ಹುಡುಗನಿಗೆ ಬಸ್ಸಿನ ಕಿಟಕಿಯಿಂದ ನೋಡುವ ನೀರೇ. ಮುಂಡರಗಿಯಾಗಲಿ ಲಕ್ಷ್ಮೇಶ್ವರವಾಗಲಿ ಗದಗಿಗೆ ಸುಮಾರು ನಲವತ್ತು ಕಿಲೋಮೀಟರ್. ಹೋಗಿ ಬರಲು ಅರ್ಧ ದಿನ, ಚಾರ್ಜು ಬೇರೆ. ಈಸು ಒಂದು ದಿನಕ್ಕೆ ಬರುವ ವಿದ್ಯೆಯಲ್ಲ, ಎರಡು ಮೂರು ವಾರ ದಿನಾ ನೀರಿಗಿಳಿಯಬೇಕು.

ಮುಂಡರಗಿಯ ಪಾಡು ವಿಚಿತ್ರ. ನದಿ ಅವರ ತಾಲೂಕಿನದು. ಹಮ್ಮಿಗಿಯ ಬಳಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ನಿಂತು ಹಳ್ಳಿಗಳನ್ನೇ ಎಬ್ಬಿಸಿ ಬೇರೆ ಕಡೆ ಕೂರಿಸಿತು. ಡಂಬಳದಲ್ಲಿ ಹಳೆಯ ದೊಡ್ಡ ಕೆರೆ ಇದೆ. ಕಾಲುವೆಗಳಿವೆ. ಇಷ್ಟು ನೀರಿದ್ದಲ್ಲಿ ಕೊಳ ಯಾಕೆ ಎಂದು ಕೇಳುವವರಿಗೆ ಉತ್ತರ ಒಂದೇ: ಇಷ್ಟು ನೀರಿದ್ದದ್ದಕ್ಕೇ. ನದಿಯ ದಂಡೆಯಲ್ಲಿ ಮರಳು ತೆಗೆದ ಗುಂಡಿ ಎಲ್ಲಿದೆಯೆಂದು ಮೇಲಿಂದ ಕಾಣುವುದಿಲ್ಲ. ಹೋದ ವರ್ಷ ಮೊಣಕಾಲ ನೀರಿದ್ದ ಜಾಗ ಈ ವರ್ಷ ಎರಡಾಳು. ಕಾಲುವೆಯ ಸಿಮೆಂಟು ಗೋಡೆಯೂ ಹೊಂಡದ ಪ್ಲಾಸ್ಟಿಕ್ಕಿನ ಅಣ್ಣನೇ. ನೀರು ಹೆಚ್ಚಿದ್ದ ಕಡೆ ಈಸು ಮೊದಲು ಕಲಿಸಬೇಕು. ಐದರಲ್ಲಿ ಒಂದನ್ನೇ ಕಟ್ಟಲು ಹಣ ಇದೆಯೆಂದಾದರೆ ಅದು ಮುಂಡರಗಿಯಲ್ಲಿ ಆಗಬೇಕು, ಗದಗಿನವರು ಬೇಸರಿಸಿಕೊಂಡರೂ ಸರಿ.

ಶಿರಹಟ್ಟಿಯದು ಪಟ್ಟಣ ಪಂಚಾಯಿತಿ, ಚೀಲ ಸಣ್ಣದು. ಫಕೀರೇಶ್ವರ ಮಠದ ಊರು, ಕಪ್ಪತಗುಡ್ಡದ ಸೀಮೆಯ ಒಣ ನೆಲ. ಈಚೆಗಷ್ಟೇ ಶಿರಹಟ್ಟಿಯಿಂದ ಬೇರೆಯಾಗಿ ತಾಲೂಕಾದ ಲಕ್ಷ್ಮೇಶ್ವರ ವ್ಯಾಪಾರದ ಊರು, ಪುರಸಭೆಯದು. ಈ ಎರಡರ ನಡುವಿನ ಮಾಗಡಿ ಕೆರೆಯ ಹೆಸರು ಕೊಳದ ಮಾತಿನಲ್ಲಿ ಬಾರದಿರಲಿ. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಕೆರೆ ಅದು, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅದು ಹಕ್ಕಿಗಳ ಈಜುಕೊಳ, ಅವಕ್ಕೇ ಇರಲಿ.

ಹಣವಿಲ್ಲದ ಊರಿಗೆ ಇನ್ನೂ ಅಗ್ಗದ ಬಗೆ ಇದೆ. ಬಾಂಗ್ಲಾದೇಶ ಭಾರತಕ್ಕಿಂತ ಸಿರಿವಂತ ದೇಶವೇನಲ್ಲ, ಅಲ್ಲಿ ಮನೆ ಮುಂದೆಯೇ ಹೊಂಡ, ಮಕ್ಕಳು ಬಿದ್ದು ಸಾಯುವುದು ನಿತ್ಯದ ಗೋಳು. ಅವರು ಊರ ಹೊಂಡದೊಳಗೇ ಬಿದಿರಿನ ಅಟ್ಟ ಕಟ್ಟಿದರು. ಅಟ್ಟ ನೀರೊಳಗೆ ಮುಳುಗಿರುತ್ತದೆ, ಮಗುವಿಗೆ ಎದೆಮಟ್ಟ, ಸುತ್ತ ಬಿದಿರಿನ ಕಟಕಟೆ. ಅದರೊಳಗೆ ಊರಿನವರೇ ತರಬೇತಿ ಪಡೆದು ಕಲಿಸಿದರು. ಎತ್ತಿ ಒಯ್ಯುವ ಕೊಳಗಳನ್ನೂ ಬಳಸಿದರು. ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ಅಂಥ ಮಡಚುವ ಕೊಳ ಒಂದನ್ನೇ ಕೊಂಡು, ಮೂರು ವಾರ ಇಲ್ಲಿ, ಮೂರು ವಾರ ಅಲ್ಲಿ ಸಾಲಿಯ ಅಂಗಳದಲ್ಲಿ ಹೂಡಬಹುದು. ಆಗ ಜಾಗದ ಠರಾವೇ ಬೇಡ.

ಯಾರ ಕೊಳ?

ಹಳೆಯ ಬಾವಿಯ ದಿನಗಳು ಎಷ್ಟು ಚಂದ ಎಂದು ಹೇಳುವವರು ಒಂದನ್ನು ಮರೆಯುತ್ತಾರೆ. ಆ ಬಾವಿಗೆ ಎಲ್ಲರೂ ಇಳಿಯುವಂತಿರಲಿಲ್ಲ. ಯಾರ ಮಗ ಯಾವ ಬಾವಿಗೆ ಎಂಬುದು ಹುಟ್ಟಿನಲ್ಲೇ ಗೊತ್ತಾಗಿರುತ್ತಿತ್ತು. ಗದಗ ಆಗ ಮುಂಬಯಿ ಪ್ರಾಂತ್ಯದಲ್ಲಿ, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. 1923ರಲ್ಲೇ ಮುಂಬಯಿ ಶಾಸನಸಭೆ ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಎಂದು ಠರಾವು ಮಾಡಿತು. ಮಹಾಡ ಊರಿನ ಪುರಸಭೆ ಅದನ್ನು ಒಪ್ಪಿ ಚವದಾರ ಕೆರೆ ಎಲ್ಲರಿಗೆ ತೆರೆದಿದೆ ಎಂದು ಬರೆದುಕೊಂಡಿತು. ಬರೆದದ್ದು ಪುಸ್ತಕದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರ ಮುಂದೆ ನಡೆದು ಹೋಗಿ ಬೊಗಸೆ ನೀರು ಕುಡಿದಾಗಲೇ ಠರಾವಿಗೆ ಕಾಲು ಬಂದದ್ದು. ಆಮೇಲೂ ಮೊಕದ್ದಮೆ ಮುಗಿದು ಹೈಕೋರ್ಟು ತೀರ್ಪು ಕೊಡಲು 1937 ಆಯಿತು.

ಹಾಗಾಗಿ ಸಾರ್ವಜನಿಕ ಎಂಬ ಬೋರ್ಡು ಬರೆಸುವುದು ಸುಲಭ. ಕೊಳದ ವಿಷಯದಲ್ಲಿ ಬಾಗಿಲು ಮುಚ್ಚುವ ಬಗೆ ಈಗ ಬೇರೆ. ಒಂದು ತಾಸಿಗೆ ಎಷ್ಟು ರೂಪಾಯಿ, ಈಜುಡುಗೆ ಇಲ್ಲದಿದ್ದರೆ ಪ್ರವೇಶ ಇಲ್ಲ, ತಿಂಗಳ ಪಾಸು ಮುಂಗಡ. ದಿನಗೂಲಿಯವನ ಮಗ ಅಲ್ಲಿಗೇ ವಾಪಸು, ಹೊಂಡದ ದಾರಿಗೆ. ಹೊಲಗಳ ಅಂಚಿನ ಓಣಿಗಳು, ಕ್ವಾರಿ ಹತ್ತಿರದ ಕೇರಿಗಳು, ಇಲ್ಲಿಯ ಮಕ್ಕಳಿಗೇ ಮೊದಲ ಪಾಳಿ ಸಿಗಬೇಕು. ಜಾಗ ತೂಗುವಾಗ ಇದೂ ಒಂದು ತೂಕದ ಕಲ್ಲು. ಸರ್ಕಾರಿ ಸಾಲಿಯ ಮಕ್ಕಳು ಪಾಳಿಯ ಮೇಲೆ ನಡೆದು ಬರುವಷ್ಟು ಹತ್ತಿರವೇ? ಅಲ್ಲವಾದರೆ ಆ ಜಾಗ ಬೇಡ.

ಹೆಣ್ಣುಮಕ್ಕಳ ಮಾತು ಇನ್ನೂ ಇದೆ. ನೀರು ತರಲು ಬಾವಿಗೆ ಹೋಗುವವಳು ಅವಳು, ಹೊಂಡದ ದಂಡೆಯಲ್ಲಿ ಬಟ್ಟೆ ಒಗೆಯುವವಳು ಅವಳು, ಈಸು ಕಲಿತವನು ಅವಳ ತಮ್ಮ. ಮಗು ಬಿದ್ದಾಗ ಹಿಂದೆಯೇ ಜಿಗಿದು ತಾನೂ ಮುಳುಗಿದ ತಾಯಿಯ ಸುದ್ದಿ ಓದದವರು ಯಾರು? ಆಳೆತ್ತರದ ಗೋಡೆ, ಬಟ್ಟೆ ಬದಲಿಸುವ ಚಿಲಕವಿರುವ ಕೋಣೆ, ಕಲಿಸಲು ಹೆಂಗಸು, ಬೆಳಕಿರುವ ಹೊತ್ತಿನ ಪಾಳಿ. ಇವಿಷ್ಟು ನಕಾಶೆಯಲ್ಲೇ ಇರಬೇಕು, ಆಮೇಲೆ ಸೇರಿಸುತ್ತೇವೆಂದರೆ ಆಗುವುದಿಲ್ಲ.

ಕಟ್ಟಿದ ಮೇಲೆ ನಡೆಸುವವರು ಯಾರು? ಕೊಳ ಸಾಯುವುದು ಕಟ್ಟುವಾಗ ಅಲ್ಲ, ಮೂರನೆಯ ವರ್ಷ. ಪಂಪು ಸುಟ್ಟಿತು, ಬಿಲ್ಲು ಪಾಸಾಗಲಿಲ್ಲ, ನೀರು ಹಸಿರಾಯಿತು, ಬೀಗ ಬಿತ್ತು. ಗುತ್ತಿಗೆಗೆ ಕೊಟ್ಟರೆ ಗುತ್ತಿಗೆದಾರ ದರ ಏರಿಸುತ್ತಾನೆ. ನಗರಸಭೆಯೇ ನಡೆಸಿದರೆ ಕಾವಲುಗಾರನ ಪಗಾರಕ್ಕೆ ಆರು ತಿಂಗಳು. ಮೂರನೆಯ ದಾರಿ ಈ ಸೀಮೆಗೆ ಹೊಸದಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರಿ ಸಂಘ ಕಟ್ಟಿದರು. ರೈತರ ಸಾಲವನ್ನು ರೈತರೇ ನಡೆಸಿದ ನೆಲದಲ್ಲಿ ಮಕ್ಕಳ ಕೊಳವನ್ನು ಪಾಲಕರ ಸಂಘ ನಡೆಸಲಾರದೇ? ಜಾಗ, ಕಟ್ಟಡ, ಕರೆಂಟು ಊರಸಭೆಯದು. ಕಲಿಸುವವರ ಪಗಾರ, ಕ್ಲೋರಿನ್, ಲೆಕ್ಕಪತ್ರ ಸಂಘದ್ದು. ಬಾಗಿಲಲ್ಲೇ ದಿನದ ಕ್ಲೋರಿನ್ ಎಷ್ಟು, ಕಾವಲಿಗೆ ಯಾರು ಎಂದು ಹಲಗೆಯ ಮೇಲೆ ಬರೆಯುವುದು. ಬರೆಯದ ದಿನ ನೀರಿಗಿಳಿಸಬಾರದು.

ಕೊನೆಗೆ ತಾರೀಖಿನ ಮಾತು. ಕಾಂಕ್ರೀಟಿಗೆ 28 ದಿನ ಪೂರಾ ಬಲ ಬರಲು ಬೇಕು. ಅದಕ್ಕೆ ಮೊದಲು ಅಗೆತ, ಕಬ್ಬಿಣ, ಅದಕ್ಕೂ ಮೊದಲು ಟೆಂಡರು, ಅದಕ್ಕೂ ಮೊದಲು ಸಭೆ. ಮುಂದಿನ ಏಪ್ರಿಲ್ ಸೂಟಿಗೆ ಹುಡುಗರು ಇಳಿಯಬೇಕೆಂದರೆ ಠರಾವು ದೀಪಾವಳಿಯ ಒಳಗೆ ಆಗಬೇಕು, ಬೇಸಿಗೆಯ ಸಭೆಯಲ್ಲಿ ಅಲ್ಲ. ಮಾರ್ಚ್ ತಿಂಗಳಲ್ಲಿ ತೊಟ್ಟಿ ತುಂಬಿಸಿ, ಗೋಡೆಗೆ ಗುರುತು ಹಾಕಿ, ಒಂದು ವಾರ ಬಿಟ್ಟು ಸೋರುತ್ತದೋ ಇಲ್ಲವೋ ನೋಡಬೇಕು. ಆ ಪರೀಕ್ಷೆಗೂ ಹದಿನೇಳು ಟ್ಯಾಂಕರ್ ನೀರು ಬೇಕು. ಅದು ಯಾವ ಕೊಳವೆ ಬಾವಿಯದೆಂದು ಠರಾವಿನಲ್ಲೇ ಬರೆದಿರಲಿ.